ತುತ್ತಿಗೆ ಮೊದಲು ಒಂದು ವಾಕ್ಯ, ಹೊಟ್ಟೆ ತುಂಬಿದ ಮೇಲೆ ನಾಲ್ಕು

ಶುಕ್ರವಾರ ಹೊತ್ತು ಮುಳುಗಿದೆ, ಯಹೂದಿ ಮನೆಯಲ್ಲಿ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಶುರುವಾಗಿದೆ. ಮೇಜಿನ ಮೇಲೆ ಜಡೆಯಂತೆ ಹೆಣೆದು ಸುಟ್ಟ ಎರಡು ಇಡೀ ಹಲ್ಲಾ ಬ್ರೆಡ್ಡು, ಅವುಗಳ ಮೇಲೊಂದು ಬಟ್ಟೆ, ಪಕ್ಕದಲ್ಲಿ ಉಪ್ಪು. ದ್ರಾಕ್ಷಾರಸದ ಬಟ್ಟಲು ಹಿಡಿದು ಕಿದ್ದುಷ್ ಎಂಬ ಸಬ್ಬತ್ತಿನ ಸ್ತುತಿ ಹೇಳಿ ಆಯಿತು. ಈಗ ಎಲ್ಲರೂ ಎದ್ದು ಸಿಂಕಿನ ಮುಂದೆ ಸಾಲು ನಿಲ್ಲುತ್ತೇವೆ. ಊಟದ ಸ್ತುತಿವಾಕ್ಯಕ್ಕಿಂತ ಮುಂಚೆ ನೀರು ಬರುತ್ತದೆ. ಹೊಸಬರು ಹೆಚ್ಚಾಗಿ ತಪ್ಪುವುದೂ ಈ ನೀರಿನ ಹತ್ತಿರವೇ.

ಕೊಳೆ ಹೋಗಿಸಲು ಸೋಪು ಹಾಕಿ ತೊಳೆದು ಒರೆಸಿಕೊಳ್ಳುವುದು ಮೊದಲೇ ಮುಗಿದಿರಬೇಕು. ಉಂಗುರ ತೆಗೆದಿಡಬೇಕು, ಉಗುರಿನ ಸಂದಿಯಲ್ಲಿ ಹಿಟ್ಟು ಅಂಟಿದ್ದರೆ ಬಿಡಿಸಬೇಕು. ನೀರಿಗೂ ಚರ್ಮಕ್ಕೂ ನಡುವೆ ಏನೂ ಅಡ್ಡ ಇರಬಾರದು. ಆಮೇಲೆ ನತ್ಲಾ, ಅಂದರೆ ಎರಡು ಹಿಡಿಯ ಚೊಂಬು. ತೊಳೆದ ಕೈ, ಇನ್ನೂ ತೊಳೆಯದ ಕೈ ಮುಟ್ಟಿದ ಒದ್ದೆ ಜಾಗವನ್ನು ಮುಟ್ಟದಿರಲಿ ಎಂದು ಎರಡು ಹಿಡಿ. ಚೊಂಬಿನ ಅಂಚು ಮುಕ್ಕಾಗಿರಬಾರದು, ತಳ ತೂತಾಗಿರಬಾರದು, ಕನಿಷ್ಠ ಒಂದು ರೆವಿಇತ್ ನೀರು ಹಿಡಿಯಬೇಕು. ಈ ಹಳೆಯ ಅಳತೆಯನ್ನು ಒಂದು ಲೆಕ್ಕದವರು 86 ಮಿಲಿಲೀಟರ್ ಎನ್ನುತ್ತಾರೆ, ಇನ್ನೊಂದು ಲೆಕ್ಕದವರು ಸುಮಾರು 150 ಎನ್ನುತ್ತಾರೆ. ಅರ್ಧ ಲೀಟರಿನ ಚೊಂಬನ್ನು ತುಂಬಿಸಿಕೊಂಡರೆ ಯಾರ ಲೆಕ್ಕಕ್ಕೂ ಸಾಲುತ್ತದೆ.

ಎಡಗೈಯಲ್ಲಿ ಚೊಂಬು ಹಿಡಿದು ಬಲಗೈ ಮೇಲೆ ಮಣಿಕಟ್ಟಿನವರೆಗೂ ನೆನೆಯುವಂತೆ ಎರಡು ಸಲ, ಒಂದರ ಹಿಂದೆ ಒಂದು. ಆಮೇಲೆ ಚೊಂಬು ಬದಲಿಸಿ ಎಡಗೈ ಮೇಲೆ ಎರಡು ಸಲ. ಕೆಲವು ಮನೆಗಳಲ್ಲಿ ಮೂರು ಮೂರು ಸಲ. ಬಲ, ಎಡ, ಬಲ, ಎಡ ಎಂದು ಬದಲಿಸಿ ಬದಲಿಸಿ ಹುಯ್ಯುವುದು ಬೆಳಿಗ್ಗೆ ಎದ್ದಾಗಿನ ಕ್ರಮ. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ನಲ್ಲಿ ತಿರುಗಿಸಿ ಅದರ ಕೆಳಗೆ ಕೈ ಹಿಡಿದರೆ ಆಗುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ನೀರು ಮನುಷ್ಯನ ಕೈಯ ಬಲದಿಂದ ಬೀಳಬೇಕು ಎಂಬ ನಿಯಮ ಇರುವುದರಿಂದ ಪಾತ್ರೆಯೇ ಬೇಕು.

ಎರಡು ಕೈಯನ್ನೂ ಒಂದಕ್ಕೊಂದು ಉಜ್ಜಿ, ಸ್ವಲ್ಪ ಮೇಲೆತ್ತಿ, ಒರೆಸುವ ಮುಂಚೆ ‘ಅಲ್ ನೆತಿಲತ್ ಯಾದಾಯಿಮ್’ ಎಂದು ಮುಗಿಯುವ ವಾಕ್ಯ ಹೇಳುತ್ತೇವೆ. ಸಾಮಾನ್ಯವಾಗಿ ಸ್ತುತಿವಾಕ್ಯ ಕೆಲಸಕ್ಕಿಂತ ಮುಂಚೆ ಬರುತ್ತದೆ. ಇಲ್ಲಿ ಮಾತ್ರ ನೀರು ಹುಯ್ದ ಮೇಲೆ ಬರುತ್ತದೆ, ಏಕೆಂದರೆ ಅದಕ್ಕೆ ಮೊದಲು ಕೈ ಸಿದ್ಧವಾಗಿರುವುದಿಲ್ಲ. ಒಂದು ಮೊಟ್ಟೆಯ ಗಾತ್ರಕ್ಕಿಂತ ಕಡಿಮೆ ಬ್ರೆಡ್ಡು ತಿನ್ನುವವರು ಕೈ ತೊಳೆದು, ವಾಕ್ಯ ಹೇಳದೆ ಬಿಡುತ್ತಾರೆ.

ಇಲ್ಲಿಂದ ಬ್ರೆಡ್ಡಿನ ಮೊದಲ ತುತ್ತು ಗಂಟಲಿಳಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಸಾಲಿನಲ್ಲಿ ಹನ್ನೆರಡು ಜನ ಇದ್ದರೆ ಮೊದಲು ತೊಳೆದವರು ಐದಾರು ನಿಮಿಷ ಮೂಕರಾಗಿ ಕೂರಬೇಕು. ಆದ್ದರಿಂದ ಮನೆಯ ಯಜಮಾನ ಅಥವಾ ಬ್ರೆಡ್ಡು ಕೊಯ್ಯುವವರು ಕೊನೆಯಲ್ಲಿ ತೊಳೆಯುವುದು ಅನುಕೂಲ ಎಂದು ನಾವು ಕಂಡುಕೊಂಡಿದ್ದೇವೆ. ರಾಗ ಗುನುಗುವುದಕ್ಕೆ ಅಡ್ಡಿಯಿಲ್ಲ. ಹಸಿದ ಮಕ್ಕಳನ್ನು ಸುಮ್ಮನಿರಿಸಲು ಅದೇ ದಾರಿ.

ಬಟ್ಟೆ ಸರಿಸಿ ಎರಡು ಹಲ್ಲಾಗಳನ್ನೂ ಜೊತೆಯಾಗಿ ಎತ್ತಿ ಹಿಡಿಯಲಾಗುತ್ತದೆ. ಅರಣ್ಯದಲ್ಲಿ ಅಲೆದ ಇಸ್ರಾಯೇಲರಿಗೆ ಶುಕ್ರವಾರ ಎರಡು ಪಾಲು ಮನ್ನ, ಅಂದರೆ ಆಕಾಶದಿಂದ ಬೀಳುತ್ತಿದ್ದ ಆಹಾರ, ಸಿಗುತ್ತಿತ್ತು, ಅದರ ನೆನಪಿಗೆ ಎರಡು. ಯಾವ ಜಾಗದಲ್ಲಿ ಕೊಯ್ಯಬೇಕೋ ಅಲ್ಲಿ ಚಾಕುವಿನಿಂದ ಸಣ್ಣ ಗೀರು ಎಳೆದಿಟ್ಟರೆ ವಾಕ್ಯಕ್ಕೂ ತಿನ್ನುವುದಕ್ಕೂ ನಡುವೆ ತಡವಾಗುವುದಿಲ್ಲ. ಪೂರ್ತಿ ಕೊಯ್ದಿಟ್ಟುಕೊಂಡರೆ ‘ಇಡೀ ಬ್ರೆಡ್ಡು’ ಎಂಬುದೇ ಹೋಯಿತು. ಹೇಳುವುದು ಇಷ್ಟು: ‘ಬಾರೂಖ್ ಅತ್ತಾ ಹಾಶೇಮ್, ಎಲೋಹೇನು ಮೆಲೆಖ್ ಹಾಓಲಾಮ್, ಹಮೋತ್ಸಿ ಲೆಖೆಮ್ ಮಿನ್ ಹಾಆರೆತ್ಸ್.’ ‘ನೆಲದಿಂದ ರೊಟ್ಟಿಯನ್ನು ಹೊರತರುವ, ನಮ್ಮ ದೇವರೇ, ಲೋಕದ ಅರಸೇ, ನೀನು ಸ್ತುತ್ಯನು.’ ಬರವಣಿಗೆಯಲ್ಲೂ ಮಾತಿನಲ್ಲೂ ದೇವರ ಹೆಸರಿನ ಜಾಗದಲ್ಲಿ ‘ಹಾಶೇಮ್’ (ಆ ಹೆಸರು) ಎನ್ನುತ್ತೇವೆ. ನಿಜವಾಗಿ ವಾಕ್ಯ ಹೇಳುವಾಗ, ಹಾಗೆಯೇ ಮಕ್ಕಳಿಗೆ ಕಲಿಸುವಾಗ ಮಾತ್ರ ‘ಅದೋನಾಯ್’ ಎಂದು ಪೂರ್ತಿ ಉಚ್ಚರಿಸುತ್ತೇವೆ.

ಕೇಳಿದವರು ‘ಆಮೆನ್’ ಎನ್ನುತ್ತಾರೆ. ಹೇಳಿದವರು ತಮ್ಮ ವಾಕ್ಯಕ್ಕೆ ತಾವೇ ಆಮೆನ್ ಎನ್ನುವುದಿಲ್ಲ. ವಾಕ್ಯ ಮುಗಿಯುವ ಮುಂಚೆ ಕಸಿದುಕೊಂಡಂತೆ ಹೇಳುವುದೂ ಸಲ್ಲ, ಮುಗಿದು ಎಷ್ಟೋ ಹೊತ್ತಿನ ಮೇಲೆ ಹೇಳುವುದೂ ಸಲ್ಲ. ತಡವಾದ ಆಮೆನ್‌ಗೆ ಹಿಂದಿನವರು ‘ತಬ್ಬಲಿ ಆಮೆನ್’ ಎಂದೇ ಹೆಸರಿಟ್ಟಿದ್ದಾರೆ. ಕೊಯ್ದ ಚೂರನ್ನು ಉಪ್ಪಿನಲ್ಲಿ ಮೂರು ಸಲ ಅದ್ದಿ, ವಾಕ್ಯ ಹೇಳಿದವರು ಮೊದಲು ತಾವು ತಿಂದು, ಆಮೇಲೆ ಹಂಚುತ್ತಾರೆ. ಬೈಬಲಿನ ಯಾಜಕಕಾಂಡದಲ್ಲಿ ಪ್ರತಿ ನೈವೇದ್ಯಕ್ಕೂ ಉಪ್ಪು ಹಾಕಬೇಕೆಂದಿದೆ. ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ ಮನೆಯ ಊಟದ ಮೇಜೇ ಬಲಿಪೀಠದ ಜಾಗಕ್ಕೆ ಬಂತು ಎಂಬ ಭಾವ ಇದರ ಹಿಂದಿದೆ.

ವಾಕ್ಯ ಹೇಳಿ ಇನ್ನೂ ಬಾಯಿಗೆ ಹಾಕಿಕೊಳ್ಳುವ ಮುಂಚೆ ಬೇರೇನೋ ಮಾತಾಡಿಬಿಟ್ಟರೆ ಮತ್ತೆ ಮೊದಲಿಂದ ಹೇಳಬೇಕು. ಆದರೆ ‘ಉಪ್ಪು ಕೊಡಿ’ ಎಂದರೆ ಬೇಡ, ಅದು ಊಟಕ್ಕೆ ಸೇರಿದ ಮಾತು. ಯಹೂದಿ ಪಂಡಿತರ ಹಳೆಯ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಬೆರಾಖೋತ್ ಭಾಗದಲ್ಲಿ ಇನ್ನೊಂದು ಉದಾಹರಣೆ ಇದೆ: ‘ಎತ್ತುಗಳಿಗೆ ಮೇವು ಕಲಸು’ ಎಂದರೂ ವಾಕ್ಯ ಕೆಡುವುದಿಲ್ಲ. ದನಕರುಗಳಿಗೆ ಹಾಕದೆ ತಾನು ಉಣ್ಣಬಾರದು ಎಂಬ ನಿಯಮ ಇರುವಾಗ ಆ ಮಾತೂ ಊಟದ ಒಳಗಿನದೇ ಆಗುತ್ತದೆ. ಕೊಟ್ಟಿಗೆ ಇದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟೊಂದು ಜಾಗ್ರತೆ ಏಕೆ? ಅದೇ ಬೆರಾಖೋತ್ ಬೈಬಲಿನ ಎರಡು ಕೀರ್ತನೆಗಳನ್ನು ಎದುರುಬದುರಾಗಿ ಇಡುತ್ತದೆ. 24ನೆಯ ಕೀರ್ತನೆ ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದು ಎನ್ನುತ್ತದೆ. 115ನೆಯ ಕೀರ್ತನೆ ಭೂಮಿಯನ್ನು ಮನುಷ್ಯರಿಗೆ ಕೊಟ್ಟಿದ್ದಾನೆ ಎನ್ನುತ್ತದೆ. ಎರಡೂ ನಿಜವಾಗುವುದು ಹೇಗೆ? ಮೊದಲನೆಯದು ಬ್ರಾಖಾ, ಅಂದರೆ ಸ್ತುತಿವಾಕ್ಯ, ಹೇಳುವ ಮುಂಚಿನ ಮಾತು, ಎರಡನೆಯದು ಹೇಳಿದ ಮೇಲಿನದು. ಹೇಳದೆ ತಿಂದವನು ದೇವರಿಗೆ ಮೀಸಲಾದದ್ದನ್ನು ಕದ್ದು ಬಳಸಿದಂತೆ. ಹಾಗಾಗಿ ಮುಂಚಿನ ವಾಕ್ಯಕ್ಕೆ ಕನಿಷ್ಠ ಪ್ರಮಾಣ ಎಂಬುದೇ ಇಲ್ಲ. ಒಂದೇ ಕಡಲೆಬೀಜ ಬಾಯಿಗೆ ಹಾಕಿಕೊಂಡರೂ ಹೇಳಬೇಕು.

ಬ್ರೆಡ್ಡಿಗೆ ಹೇಳಿದರೆ ಆ ಊಟದ ಪಲ್ಯ, ಸಾರು, ಮೀನು, ಮಾಂಸ ಎಲ್ಲಕ್ಕೂ ಹೇಳಿದಂತಾಯಿತು. ದ್ರಾಕ್ಷಾರಸಕ್ಕೂ ಊಟದ ಕೊನೆಯ ಹಣ್ಣಿಗೂ ಮಾತ್ರ ಬೇರೆ. ಬ್ರೆಡ್ಡು ಇಲ್ಲದೆ ತಿನ್ನುವಾಗ ಪ್ರತಿಯೊಂದನ್ನೂ ನೋಡಿ ಯೋಚಿಸಬೇಕಾಗುತ್ತದೆ, ಮತ್ತು ಈ ಆಚರಣೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿರುವುದು ಈ ಯೋಚನೆಯೇ. ಇದು ಮರದ್ದೇ, ನೆಲದ್ದೇ, ಕಾಳಿನದೇ ಎಂದು ಕೇಳಿಕೊಳ್ಳದೆ ಒಂದು ತುತ್ತೂ ಒಳಗೆ ಹೋಗುವುದಿಲ್ಲ.

ಗೋಧಿ, ಜವೆಗೋಧಿ, ಸ್ಪೆಲ್ಟ್, ರೈ, ಓಟ್ಸ್ ಈ ಐದು ಧಾನ್ಯಗಳಿಂದ ಬ್ರೆಡ್ಡಲ್ಲದ ತಿಂಡಿ ಮಾಡಿದರೆ ‘ಬೋರೇ ಮಿನೇ ಮೆಜೋನೋತ್’: ಬಗೆಬಗೆಯ ಆಹಾರವನ್ನು ಸೃಷ್ಟಿಸುವವನೇ. ದ್ರಾಕ್ಷಾರಸಕ್ಕೆ ‘ಬೋರೇ ಪ್ರಿ ಹಗಾಫೆನ್’. ಮರದ ಹಣ್ಣಿಗೆ ‘ಬೋರೇ ಪ್ರಿ ಹಾಏತ್ಸ್’. ನೆಲದ ಬೆಳೆಗೆ ‘ಬೋರೇ ಪ್ರಿ ಹಾಅದಾಮಾ’. ಉಳಿದ ಎಲ್ಲಕ್ಕೂ, ಅಂದರೆ ನೀರು, ಹಾಲು, ಮೊಟ್ಟೆ, ಮೀನು, ಮಾಂಸ, ಕಾಫಿ, ಸಕ್ಕರೆಗೆ ‘ಶೆಹಕೋಲ್ ನಿಹ್ಯಾ ಬಿದ್ವಾರೋ’: ಎಲ್ಲವೂ ಅವನ ಮಾತಿನಿಂದ ಆದವು. ಅಣಬೆಯೂ ಈ ಕೊನೆಯ ಗುಂಪಿಗೇ ಸೇರುತ್ತದೆ. ನೆಲದ ಮೇಲೆ ಬೆಳೆದರೂ ಅದು ತರಕಾರಿಯಂತೆ ನೆಲದಿಂದ ಆಹಾರ ಹೀರುವುದಿಲ್ಲ ಎಂದು ತಾಲ್ಮೂದಿನ ಪಂಡಿತರು ಗಮನಿಸಿದ್ದರು.

ನಮ್ಮ ಕಡೆಯ ತಿಂಡಿಗಳಿಗೆ ಈ ಲೆಕ್ಕ ಹಾಕುವಾಗ ಕೆಲವು ಕಡೆ ಎಡವುತ್ತೇವೆ. ಬಾಳೆ ಮರ ಎನ್ನುವುದು ನಮ್ಮ ರೂಢಿ. ಆದರೆ ಗೊನೆ ಕೊಟ್ಟ ಮೇಲೆ ಆ ದಿಂಡು ಸತ್ತು ಬುಡದಿಂದ ಹೊಸ ಕಂದು ಬರುತ್ತದೆ, ವರ್ಷವರ್ಷ ನಿಲ್ಲುವ ಕೊಂಬೆ ಇಲ್ಲ. ಆದ್ದರಿಂದ ಬಾಳೆಹಣ್ಣಿಗೆ ‘ಹಾಅದಾಮಾ’. ಅನಾನಸಿಗೂ ಅದೇ. ಮಾವು, ತೆಂಗು, ಸೀಬೆಗೆ ‘ಹಾಏತ್ಸ್’. ಗೋಧಿ ಚಪಾತಿಯನ್ನು ಎಣ್ಣೆಯಿಲ್ಲದ ಕಾವಲಿಯಲ್ಲಿ ಸುಟ್ಟರೆ ಅದು ರೊಟ್ಟಿಯೇ, ಕೈ ತೊಳೆದು ‘ಹಮೋತ್ಸಿ’ ಹೇಳುತ್ತೇವೆ. ಪೂರಿ ಎಣ್ಣೆಯಲ್ಲಿ ಕರಿದದ್ದು, ಅದು ರೊಟ್ಟಿಯೋ ತಿಂಡಿಯೋ ಎಂಬುದರಲ್ಲಿ ಭಿನ್ನಾಭಿಪ್ರಾಯ ಇದೆ. ಸುಲಭ ಉಪಾಯ ಎಂದರೆ ಮೊದಲು ಒಂದು ಚೂರು ಬ್ರೆಡ್ಡಿಗೆ ಹೇಳಿ ತಿಂದು, ಪೂರಿಯನ್ನು ಆ ಊಟದೊಳಗೆ ಸೇರಿಸಿಕೊಳ್ಳುವುದು. ಗೋಧಿ ರವೆಯ ಉಪ್ಪಿಟ್ಟಿಗೂ ಶಾವಿಗೆ ಪಾಯಸಕ್ಕೂ ‘ಮೆಜೋನೋತ್’. ಅನ್ನಕ್ಕೂ ಮುಂಚೆ ‘ಮೆಜೋನೋತ್’ ಇದೆ, ಆದರೆ ಅಕ್ಕಿ ಆ ಐದು ಧಾನ್ಯಗಳಲ್ಲಿ ಸೇರಿಲ್ಲ, ಹಾಗಾಗಿ ತಿಂದ ಮೇಲೆ ಹೇಳುವುದು ಬೇರೆಯಾಗುತ್ತದೆ. ಐದು ಧಾನ್ಯಗಳಲ್ಲಿ ಒಂದನ್ನು ರುಚಿಗೆಂದು ಬೆರೆಸಿದರೆ ಪಾಲು ಕಡಿಮೆಯಿದ್ದರೂ ಅದೇ ಮುಖ್ಯ. ಅಕ್ಕಿಗೆ ಆ ಮರ್ಯಾದೆ ಇಲ್ಲ, ಬೆರಕೆಯಲ್ಲಿ ಯಾವುದು ಹೆಚ್ಚೋ ಅದನ್ನು ನೋಡಬೇಕು. ರಾಗಿಮುದ್ದೆ, ಜೋಳದ ರೊಟ್ಟಿ ಹೊಟ್ಟೆಗೆ ಎಷ್ಟೇ ಗಟ್ಟಿಯಾದರೂ ವಾಕ್ಯ ‘ಶೆಹಕೋಲ್’ ಮಾತ್ರ. 1565ರಲ್ಲಿ ವೆನಿಸ್ಸಿನಲ್ಲಿ ಮೊದಲು ಅಚ್ಚಾದ ಯೋಸೆಫ್ ಕಾರೋ ಅವರ ಶುಲ್ಹಾನ್ ಆರೂಖ್ ಎಂಬ ಯಹೂದಿ ನಿಯಮಗ್ರಂಥ ಕಿರುಧಾನ್ಯದ ರೊಟ್ಟಿಗೆ ಹಾಗೆ ವಿಧಿಸಿದೆ.

ಭಾರತದ ತಿನಿಸು ಈ ಚರ್ಚೆಗೆ ಹೊಸದಲ್ಲ. ಬಾಬಿಲೋನಿನ ತಾಲ್ಮೂದು ‘ಹಿಂದೂಗಳ ನಾಡಿನಿಂದ ಬರುವ ಹಿಮಲ್ತಾ’ ಎಂಬುದನ್ನು ಹೆಸರಿಸಿ, ಅದನ್ನು ತಿನ್ನಬಹುದು, ಅದಕ್ಕೆ ‘ಬೋರೇ ಪ್ರಿ ಹಾಅದಾಮಾ’ ಹೇಳಬೇಕು ಎನ್ನುತ್ತದೆ. ಜೇನಿನಲ್ಲಿ ಹಾಕಿಟ್ಟ ಶುಂಠಿ ಅಥವಾ ಸಂಬಾರದ ಲೇಹ್ಯ ಇರಬೇಕೆಂದು ವ್ಯಾಖ್ಯಾನ. ಅದೇ ಪುಟದಲ್ಲಿ ಒಣ ಕರಿಮೆಣಸನ್ನು ಬರಿದೇ ಅಗಿದರೆ ವಾಕ್ಯವೇ ಬೇಡ, ಅದು ತಿನ್ನುವ ರೀತಿಯಲ್ಲ ಎಂಬ ತೀರ್ಮಾನವೂ ಇದೆ.

ಕೊಂಕಣ ಕರಾವಳಿಯ ಮರಾಠಿ ಮಾತಾಡುವ ಬೆನೆ ಇಸ್ರಾಯೆಲ್ ಯಹೂದಿಗಳ ಮಲೀದಾದಲ್ಲಿ ಈ ವಿಂಗಡಣೆಯನ್ನು ತಟ್ಟೆಯಲ್ಲೇ ನೋಡಬಹುದು. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣು ಬೆರೆಸಿ, ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲೀಯನನ್ನು ನೆನೆದು ಹಾಡಿ, ಮರದ ಹಣ್ಣಿಗೆ ಒಂದು, ನೆಲದ ಹಣ್ಣಿಗೆ ಒಂದು ಎಂದು ಬೇರೆಬೇರೆ ಬ್ರಾಖಾ ಹೇಳಿ ಹಂಚುತ್ತಾರೆ. ಹರಕೆ ತೀರಿಸಲು, ಮದುವೆಗೆ ಮುಂಚೆ, ಹೊಸ ಮನೆಗೆ ಹೋದಾಗ ಮಾಡುವ ಕೃತಜ್ಞತೆಯ ಕಾರ್ಯ ಅದು. ನಮ್ಮ ಹಬ್ಬದ ಸಿಹಿ ಅವಲಕ್ಕಿ ತಿಂದ ನಾಲಿಗೆಗೆ ಆ ರುಚಿ ಹೊಸದೆನಿಸದು.

ಹಲವು ಬಗೆ ಒಟ್ಟಿಗೆ ಎದುರಿಗಿದ್ದರೆ ಯಾವುದು ಮೊದಲು? ಮೆಜೋನೋತ್, ಗಾಫೆನ್, ಏತ್ಸ್, ಅದಾಮಾ, ಶೆಹಕೋಲ್, ಇದೇ ಸರದಿ. ಒಂದೇ ವಾಕ್ಯದ ಎರಡು ಹಣ್ಣು ಇದ್ದರೆ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯ ಹೆಸರಿಸುವ ಏಳು ಬೆಳೆಗಳಿಗೆ ಮೊದಲ ಪಾಲು: ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಖರ್ಜೂರ. ಮಾವಿನಹಣ್ಣು ಎಷ್ಟೇ ಘಮಘಮಿಸಲಿ, ಪಕ್ಕದ ಖರ್ಜೂರಕ್ಕೆ ಹೇಳಿ ಮೊದಲು ಅದನ್ನು ತಿನ್ನಬೇಕು. ವರ್ಷದ ಮೊದಲ ಮಾವಾದರೆ ‘ಈ ಹೊತ್ತಿನವರೆಗೆ ನಮ್ಮನ್ನು ಬದುಕಿಸಿ ತಂದೆ’ ಎನ್ನುವ ಶೆಹೆಖಿಯಾನು ಸೇರುತ್ತದೆ.

ತಪ್ಪಿದರೆ ಏನು ಮಾಡಬೇಕೆಂದು ತಾಲ್ಮೂದಿಗೆ ಆಧಾರವಾದ ನಿಯಮಗಳ ಸಂಗ್ರಹ ಮಿಷ್ನಾ ಸ್ಪಷ್ಟವಾಗಿ ಹೇಳಿದೆ. ಮರದ ಹಣ್ಣಿಗೆ ‘ಹಾಅದಾಮಾ’ ಎಂದುಬಿಟ್ಟರೆ ಸಲ್ಲುತ್ತದೆ, ಮರವೂ ನೆಲದಿಂದಲೇ ಬಂದದ್ದು. ನೆಲದ ಬೆಳೆಗೆ ‘ಹಾಏತ್ಸ್’ ಎಂದರೆ ಸಲ್ಲದು, ಅದು ಮರದ್ದೇ ಅಲ್ಲವಲ್ಲ. ‘ಶೆಹಕೋಲ್’ ಯಾವುದಕ್ಕೆ ಹೇಳಿದ್ದರೂ ಸಲ್ಲುತ್ತದೆ. ಹಾಗೆಂದು ಗೊತ್ತಿಲ್ಲದ್ದಕ್ಕೆಲ್ಲ ಅದನ್ನೇ ಹೇಳುತ್ತಾ ಹೋಗುವುದು ಸೋಮಾರಿತನ, ಕಲಿಯಬೇಕು. ಮರೆತು ಬಾಯಿಗೆ ಹಾಕಿಕೊಂಡ ಮೇಲೆ ನೆನಪಾದರೆ, ತೆಗೆದರೂ ಅಸಹ್ಯವಾಗದ ತಿನಿಸನ್ನು ಹೊರತೆಗೆದು ಹೇಳಬೇಕು. ತೆಗೆದರೆ ಹಾಳಾಗುವಂಥದ್ದನ್ನು ಕೆನ್ನೆಯ ಒಂದು ಬದಿಗೆ ಒತ್ತಿಟ್ಟು ಹೇಳಬೇಕು.

ಊಟ ಮುಗಿಯಿತು. ಈಗ ಬಿರ್ಕತ್ ಹಮಾಜೋನ್, ಅಂದರೆ ಊಟದ ನಂತರದ ಸ್ತುತಿ. ಮುಂಚಿನ ವಾಕ್ಯಗಳನ್ನು ಪಂಡಿತರು ನಿಗದಿ ಮಾಡಿದರು, ಊಟದ ನಂತರದ್ದು ಧರ್ಮೋಪದೇಶಕಾಂಡ 8:10ರ ನೇರ ಆಜ್ಞೆ: ಉಂಡು, ತೃಪ್ತನಾಗಿ, ನಿನ್ನ ದೇವರು ಕೊಟ್ಟ ಒಳ್ಳೆಯ ನೆಲಕ್ಕಾಗಿ ಅವನನ್ನು ಕೊಂಡಾಡು. ಹಸಿದವನಿಗೆ ಅನ್ನದ ಬೆಲೆಯನ್ನು ಯಾರೂ ನೆನಪಿಸಬೇಕಿಲ್ಲ, ಉಂಡವನಿಗೇ ಬೇಕು. ಒಂದು ಆಲಿವ್ ಗಾತ್ರದಷ್ಟು, ಸುಮಾರು 27ರಿಂದ 30 ಮಿಲಿಲೀಟರ್ ಜಾಗ ಹಿಡಿಯುವಷ್ಟು ಬ್ರೆಡ್ಡನ್ನು ಕೆಲವೇ ನಿಮಿಷಗಳಲ್ಲಿ ತಿಂದಿದ್ದರೆ ಹೇಳಲೇಬೇಕು. ಇಡೀ ಸಂಜೆ ಚೂರು ಚೂರೇ ಮುರಿದುಕೊಂಡು ತಿಂದರೆ ಒಟ್ಟು ಎಷ್ಟೇ ಆಗಲಿ ಲೆಕ್ಕಕ್ಕೆ ಬರುವುದಿಲ್ಲ. ಹರಟೆಯ ನಡುವೆ ಕೊರೆದು ತಿನ್ನುವವರಿಗೆ ತೊಡಕಾಗುವುದು ಇಲ್ಲೇ. ಮೊದಲ ಚೂರನ್ನು ದೊಡ್ಡದಾಗಿ ತೆಗೆದುಕೊಂಡು ಒಮ್ಮೆಗೇ ತಿಂದುಬಿಡುವುದು ಒಳ್ಳೆಯದು.

ಮೇಜಿನಲ್ಲಿ ಒಂದಿಷ್ಟು ಬ್ರೆಡ್ಡು ಉಳಿಸಿರಬೇಕು. ವಾರದ ದಿನಗಳಲ್ಲಿ ಚಾಕು ತೆಗೆಯುತ್ತಾರೆ ಇಲ್ಲವೇ ಮುಚ್ಚುತ್ತಾರೆ, ಬಲಿಪೀಠದ ಕಲ್ಲಿಗೆ ಕಬ್ಬಿಣ ತಾಕಬಾರದೆಂಬ ನೆನಪು. ಸಬ್ಬತ್ ದಿನ ಹಾಗೇ ಬಿಡುತ್ತಾರೆ. ಸಣ್ಣ ಪಾತ್ರೆಯಿಂದ ಬೆರಳುಗಳ ಎರಡನೆಯ ಗೆಣ್ಣಿನವರೆಗೆ ಸ್ವಲ್ಪ ನೀರು, ಇದು ಮಾಯಿಮ್ ಅಖರೋನಿಮ್. ಕಣ್ಣಿಗೆ ತಾಗಿದರೆ ಕುರುಡಾಗಿಸುವ, ಮೃತ ಸಮುದ್ರದ ಕಡೆಯ ಸೊದೋಮಿನ ಉಪ್ಪು ಬೆರಳಲ್ಲಿ ಉಳಿದೀತೆಂದು ಬಂದ ಪದ್ಧತಿ. ಇದಕ್ಕೆ ವಾಕ್ಯವಿಲ್ಲ. ನಮ್ಮ ಎಲೆಯೂಟದಲ್ಲಿ ಪರಿಷೇಚನೆಯಿಂದ ಶುರುವಾಗಿ ಉತ್ತರಾಪೋಶನದಿಂದ ಮುಗಿಯುವುದನ್ನು ಕಂಡವರಿಗೆ ಊಟಕ್ಕೆ ಎರಡು ಕಡೆಯೂ ನೀರಿನ ಗಡಿ ಇರುವುದು ವಿಚಿತ್ರವೆನಿಸದು.

ಮೂವರು ಒಟ್ಟಿಗೆ ಉಂಡಿದ್ದರೆ ಒಬ್ಬರು ಉಳಿದವರನ್ನು ಸ್ತುತಿಗೆ ಕರೆಯಬೇಕು, ಇದೇ ಜಿಮುನ್. ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಷ್ಕೆನಾಜಿ ಯಹೂದಿಗಳು ‘ರಬ್ಬೋತಾಯ್, ನೆವಾರೇಖ್’ ಎನ್ನುತ್ತಾರೆ, ಸ್ಪೇನ್ ಮೂಲದ ಸೆಫಾರ್ದಿಗಳು ‘ಹಾವ್ ಲಾನ್ ವೆನಿವ್ರಿಖ್’. ಉತ್ತರ: ‘ಯಾರದ್ದನ್ನು ಉಂಡೆವೋ, ಯಾರ ಒಳ್ಳೆಯತನದಿಂದ ಬದುಕಿದ್ದೇವೋ ಅವನು ಸ್ತುತ್ಯನು.’ ಹತ್ತು ಜನರಿದ್ದರೆ ‘ಎಲೋಹೇನು’, ನಮ್ಮ ದೇವರು, ಎಂಬ ಪದ ಸೇರುತ್ತದೆ. ಮುಂದಾಳುತನವನ್ನು ಅತಿಥಿಗೆ ಕೊಡುವುದು ರೂಢಿ, ಮನೆಯೊಡೆಯನನ್ನು ಹರಸುವ ಮಾತು ಅತಿಥಿಯ ಬಾಯಲ್ಲಿ ಬರಲಿ ಎಂದು. ‘ಈ ಲೋಕದಲ್ಲಿ ಈ ಮನೆಯವನಿಗೆ ನಾಚಿಕೆ ಬಾರದಿರಲಿ, ಮುಂದಿನ ಲೋಕದಲ್ಲಿ ಅವಮಾನವಾಗದಿರಲಿ’ ಎಂಬ ತಾಲ್ಮೂದಿನ ಹಾರೈಕೆಗೆ ನಮ್ಮ ‘ಅನ್ನದಾತಾ ಸುಖೀಭವ’ ಹತ್ತಿರದ ನೆಂಟ.

ಆಮೇಲೆ ನಾಲ್ಕು ಸ್ತುತಿಗಳು, ಉಂಡ ಜಾಗದಲ್ಲೇ ಕೂತು. ಮೊದಲನೆಯದು ಎಲ್ಲ ಜೀವಕ್ಕೂ ಉಣಿಸುವವನಿಗೆ. ಮನ್ನ ಬಿದ್ದಾಗ ಮೋಶೆ ಇದನ್ನು ರಚಿಸಿದ ಎಂದು ತಾಲ್ಮೂದು ಹೇಳುತ್ತದೆ. ಎರಡನೆಯದು ನೆಲಕ್ಕಾಗಿ, ಯೆಹೋಶುವನದು. ಮೂರನೆಯದು ಯೆರೂಸಲೇಮನ್ನು ಕಟ್ಟುವವನಿಗೆ, ದಾವೀದ ಸೊಲೊಮೋನರದು. ಇದರ ಕೊನೆಗೆ ಮಾತ್ರ ಹೇಳುವವರೂ ತಾವೇ ಆಮೆನ್ ಎನ್ನುತ್ತಾರೆ. ಆಜ್ಞೆಗೆ ಸೇರಿದ ಮೊದಲ ಮೂರು ಸ್ತುತಿ ಅಲ್ಲಿಗೆ ಮುಗಿದವು ಎಂಬ ಗುರುತು. ನಾಲ್ಕನೆಯದನ್ನು ಸೇರಿಸಿದ್ದು ಯಾವ್ನೆ ಎಂಬ ಊರಿನ ಪಂಡಿತರು. ರೋಮನ್ನರ ವಿರುದ್ಧ ಕ್ರಿ.ಶ. 132ರಿಂದ 135ರವರೆಗೆ ನಡೆದ ಬಾರ್ ಕೋಖ್ಬಾ ದಂಗೆ ಬೇತಾರ್ ಕೋಟೆಯಲ್ಲಿ ಮುರಿದುಬಿತ್ತು. ಸತ್ತವರನ್ನು ಹೂಳಲು ಬಹಳ ಕಾಲದ ಮೇಲೆ ಅಪ್ಪಣೆ ಸಿಕ್ಕಿತು. ಈ ನಾಲ್ಕನೆಯ ಸ್ತುತಿಯಲ್ಲಿ ದೇವರು, ಹೆಣಗಳು ಕೊಳೆಯದೆ ಇದ್ದುದಕ್ಕೆ ‘ಒಳ್ಳೆಯವನು’, ಹೂಳಲು ಸಿಕ್ಕಿದ್ದಕ್ಕೆ ‘ಒಳ್ಳೆಯದು ಮಾಡುವವನು’. ಹಬ್ಬದೂಟದ ಕೊನೆಯಲ್ಲೂ ಈ ಮಾತು ಬರುತ್ತದೆ. ಅದರ ಹಿಂದೆ ಏನಿದೆ ಎಂದು ಗೊತ್ತಾದ ಮೇಲೆ ಅದನ್ನು ಗಡಬಡಿಸಿ ಹೇಳುವುದು ಕಷ್ಟ.

ಸಬ್ಬತ್ ದಿನ ಮೂರನೆಯ ಸ್ತುತಿಯೊಳಗೆ ‘ರೆತ್ಸೇ’ ಎಂಬ ಪ್ಯಾರಾ ಸೇರುತ್ತದೆ. ಬಾಯಿಪಾಠದವರು ಇದನ್ನೇ ಹೆಚ್ಚಾಗಿ ಮರೆಯುವುದು. ಮೂರನೆಯದನ್ನು ಮುಗಿಸಿ ನಾಲ್ಕನೆಯದಕ್ಕೆ ಹೋಗುವ ಮುಂಚೆ ನೆನಪಾದರೆ ಅದಕ್ಕೆಂದೇ ಒಂದು ಚಿಕ್ಕ ಬದಲಿ ವಾಕ್ಯವಿದೆ. ನಾಲ್ಕನೆಯದು ಶುರುವಾಗಿಬಿಟ್ಟಿದ್ದರೆ, ಸಬ್ಬತ್ತಿನ ಮೊದಲ ಎರಡು ಊಟಗಳಲ್ಲಿ, ಮೊದಲಿಂದ ಹೇಳಬೇಕು. ಹನುಕ್ಕಾ ಎಂಬ ದೀಪಗಳ ಹಬ್ಬದಲ್ಲಿ ಸೇರುವ ‘ಅಲ್ ಹನಿಸ್ಸಿಮ್’ ಪ್ಯಾರಾ ಮರೆತರೆ ಹಿಂದಿರುಗುವುದು ಬೇಡ. ಇದಕ್ಕೆಲ್ಲ ಬಿರ್ಕೋನ್ ಎಂಬ ಪುಟ್ಟ ಪುಸ್ತಕವನ್ನು ಪ್ರತಿ ತಟ್ಟೆಯ ಪಕ್ಕ ಇಡುವುದೇ ಪರಿಹಾರ.

ಹೀಬ್ರೂ ಬಾರದವರು ಹಿಂಜರಿಯಬೇಕಿಲ್ಲ. ಊಟದ ಸ್ತುತಿಯನ್ನು ಯಾವ ಭಾಷೆಯಲ್ಲೂ ಹೇಳಬಹುದು ಎಂದು ಮಿಷ್ನಾ ಹೇಳುತ್ತದೆ, ಅಂದರೆ ಕನ್ನಡವೂ ಆಗುತ್ತದೆ. ಬೆನ್ಯಾಮಿನ್ ಎಂಬ ಕುರುಬ ರೊಟ್ಟಿ ತಿಂದು ಅರಾಮಿಕ್ ಭಾಷೆಯಲ್ಲಿ ‘ಈ ರೊಟ್ಟಿಯ ಒಡೆಯನಿಗೆ ಸ್ತೋತ್ರ’ ಎಂದಷ್ಟೇ ಹೇಳಿದ. ಅದು ಮೊದಲ ಸ್ತುತಿಗೆ ಸಂದಿತು ಎಂದು ತಾಲ್ಮೂದಿನಲ್ಲಿದೆ.

ಬ್ರೆಡ್ಡಿಲ್ಲದ ತಿಂಡಿಗೆ ನಂತರದ ವಾಕ್ಯ ಚಿಕ್ಕದು. ಐದು ಧಾನ್ಯದ ತಿಂಡಿ, ದ್ರಾಕ್ಷಾರಸ, ಏಳು ಬೆಳೆಗಳಲ್ಲಿನ ಹಣ್ಣುಗಳಿಗೆ ಮೂರು ಸ್ತುತಿಗಳ ಸಾರವನ್ನು ಹಿಡಿದ ಒಂದು ಪ್ಯಾರಾ. ಅನ್ನ, ತರಕಾರಿ, ಉಳಿದ ಹಣ್ಣು, ಹಾಲು, ನೀರಿಗೆ ‘ಬೋರೇ ನೆಫಾಷೋತ್’. ಬಿಸಿ ಕಾಫಿಯನ್ನು ಗುಟುಕರಿಸುತ್ತಾ ಕುಡಿದರೆ ಹಲವರು ನಂತರ ಏನೂ ಹೇಳುವುದಿಲ್ಲ, ಒಂದು ರೆವಿಇತ್ ಒಮ್ಮೆಗೇ ಒಳಗೆ ಹೋಗಿರುವುದಿಲ್ಲ.

ಹೇಳಲು ಮರೆತು ಎದ್ದರೆ ಉಂಡದ್ದು ಜೀರ್ಣವಾಗುವವರೆಗೆ, ರೂಢಿಯ ಲೆಕ್ಕದಲ್ಲಿ 72 ನಿಮಿಷ, ಅವಕಾಶವಿದೆ. ಹೇಳಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ? ತುತ್ತಿಗೆ ಮುಂಚಿನ ವಾಕ್ಯವಾದರೆ ಬಿಟ್ಟುಬಿಡಬೇಕು, ಸುಮ್ಮನೆ ದೇವರ ಹೆಸರೆತ್ತಬಾರದು. ಹೊಟ್ಟೆ ತುಂಬ ಉಂಡ ಮೇಲಿನ ಬಿರ್ಕತ್ ಹಮಾಜೋನ್ ಆದರೆ ತಿರುಗಿ ಕೂತು ಮೊದಲಿಂದ ಹೇಳಬೇಕು.